ವೀಗನ್ ಗುರುತು: ಪೊಟ್ಟಣದ ಮೇಲಿನ ಆ ಒಂದು ಪದಕ್ಕೆ ಯಾರು ಹೊಣೆ?

ಬ್ರೆಡ್, ಬಿಸ್ಕತ್ತು, ಮಾರ್ಗರೀನ್, ಐಸ್‌ಕ್ರೀಮ್ ಮೊದಲಾದವುಗಳ ಪೊಟ್ಟಣದ ಹಿಂಬದಿಯಲ್ಲಿ ಇ-471 ಎಂಬ ಸಂಖ್ಯೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಕೊಬ್ಬಿನಾಮ್ಲಗಳ ಮೋನೋ ಮತ್ತು ಡೈಗ್ಲಿಸರೈಡುಗಳು ಎಂಬುದು ಅದರ ಪೂರ್ಣ ಹೆಸರು. ಎಣ್ಣೆಯೂ ನೀರೂ ಬೇರ್ಪಡದಂತೆ ಹಿಡಿದಿಡುವುದು ಅದರ ಕೆಲಸ. ಅದಕ್ಕೆ ಬೇಕಾದ ಕೊಬ್ಬು ಸೋಯಾ ಎಣ್ಣೆಯಿಂದಲೋ ತಾಳೆ ಎಣ್ಣೆಯಿಂದಲೋ ಬಂದಿರಬಹುದು, ದನದ ಅಥವಾ ಹಂದಿಯ ಕೊಬ್ಬಿನಿಂದಲೂ ಬಂದಿರಬಹುದು. ಮೂಲ ಯಾವುದೇ ಇರಲಿ, ಪಟ್ಟಿಯಲ್ಲಿ ಮುದ್ರಣಗೊಳ್ಳುವ ಹೆಸರೂ ಸಂಖ್ಯೆಯೂ ಒಂದೇ. ಪ್ರಾಣಿಗಳಿಂದ ಪಡೆದ ಯಾವುದನ್ನೂ ಬಳಸಬಾರದೆಂದು ನಿರ್ಧರಿಸಿದ ವ್ಯಕ್ತಿಯೊಬ್ಬರು, ಅಂದರೆ ವೀಗನ್ ಒಬ್ಬರು, ಆ ಪಟ್ಟಿಯನ್ನು ಎಷ್ಟೇ ಶ್ರದ್ಧೆಯಿಂದ ಓದಿದರೂ ಅವರಿಗೆ ಬೇಕಾದ ಉತ್ತರ ಅಲ್ಲಿ ಸಿಗುವುದಿಲ್ಲ.

ಘಟಕಾಂಶಗಳ ಪಟ್ಟಿಯನ್ನು ಮುದ್ರಿಸುವುದು ಹೇಗೂ ಕಡ್ಡಾಯವಿರುವಾಗ ವೀಗನ್ ಎಂಬ ಪ್ರತ್ಯೇಕ ಗುರುತು ಏಕೆ ಬೇಕು ಎಂದು ಹಲವರು ನನ್ನನ್ನು ಕೇಳಿದ್ದಾರೆ. ನನ್ನ ಉತ್ತರ ಇಷ್ಟೇ: ಪದಾರ್ಥದೊಳಗೆ ಏನಿದೆ ಎಂಬುದನ್ನು ಪಟ್ಟಿ ತಿಳಿಸುತ್ತದೆ, ಆದರೆ ಅದು ಎಲ್ಲಿಂದ ಬಂತು, ಯಾವುದರ ಮೂಲಕ ಹಾದು ಬಂತು ಎಂಬುದನ್ನು ತಿಳಿಸುವುದಿಲ್ಲ. ವೀಗನ್ನರಿಗೆ ಮುಖ್ಯವಾದವು ಈ ಎರಡು ಪ್ರಶ್ನೆಗಳೇ. ಇವುಗಳಿಗೆ ಉತ್ತರ ಪಡೆಯಬಲ್ಲ ಸ್ಥಾನದಲ್ಲಿರುವವರು ತಯಾರಕರು ಮಾತ್ರ. ಏಕೆಂದರೆ ಕಚ್ಚಾವಸ್ತುವನ್ನು ಕೊಳ್ಳುವವರು ಅವರು, ಪೂರೈಕೆದಾರರನ್ನು ಪ್ರಶ್ನಿಸುವ ಹಕ್ಕು ಮತ್ತು ಅವಕಾಶ ಎರಡೂ ಇರುವುದು ಅವರಿಗೆ. ಆದ್ದರಿಂದ ‘ವೀಗನ್ನರಿಗೆ ಸೂಕ್ತ’ ಎಂದು ಮುದ್ರಿಸುವುದೆಂದರೆ, ‘ಈ ಪದಾರ್ಥಕ್ಕೆ ವಸ್ತು ಒದಗಿಸಿದ ಪ್ರತಿಯೊಬ್ಬರನ್ನೂ ನಾವು ಕೇಳಿದ್ದೇವೆ, ಅವರ ಉತ್ತರ ನಮ್ಮಲ್ಲಿ ಬರಹದಲ್ಲಿದೆ’ ಎಂದು ಸಹಿ ಹಾಕಿಕೊಟ್ಟಂತೆ ಎಂದೇ ನಾನು ಭಾವಿಸುತ್ತೇನೆ. ಹಾಗೆ ಕೇಳದೆ ಆ ಪದವನ್ನು ಮುದ್ರಿಸಿದರೆ, ಪದಾರ್ಥ ಆಕಸ್ಮಿಕವಾಗಿ ವೀಗನ್ ಆಗಿದ್ದರೂ ಕೂಡ, ಆ ಗುರುತು ಸುಳ್ಳೇ.

ಇ-471 ಒಂದೇ ಆಗಿದ್ದರೆ ನೆನಪಿಟ್ಟುಕೊಂಡು ನಿಭಾಯಿಸಬಹುದಿತ್ತು. ಲೆಸಿಥಿನ್, ಅಂದರೆ ಇ-322, ಸಾಮಾನ್ಯವಾಗಿ ಸೋಯಾ ಅಥವಾ ಸೂರ್ಯಕಾಂತಿಯಿಂದ ಬರುತ್ತದೆ, ಆದರೆ ಮೊಟ್ಟೆಯಿಂದಲೂ ತಯಾರಾಗುತ್ತದೆ. ರುಚಿ ಹೆಚ್ಚಿಸಲು ಬಳಸುವ ಇ-631 ಹುದುಗುವಿಕೆಯಿಂದ ಬಂದಿರಬಹುದು, ಮಾಂಸ ಅಥವಾ ಮೀನಿನಿಂದಲೂ ಬಂದಿರಬಹುದು. ಹಿಟ್ಟನ್ನು ಮೃದುಗೊಳಿಸುವ ಎಲ್-ಸಿಸ್ಟೀನ್, ಅಂದರೆ ಇ-920, ಬಹುಕಾಲ ಕೂದಲು ಮತ್ತು ಪಕ್ಷಿಗಳ ಗರಿಗಳಿಂದಲೇ ತಯಾರಾಗುತ್ತಿತ್ತು. ಈಗ ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದಲೂ ಅದನ್ನು ತಯಾರಿಸುತ್ತಾರೆ. ಮಾತ್ರೆಗಳಲ್ಲಿ ಇರುವ ಮೆಗ್ನೀಸಿಯಂ ಸ್ಟಿಯರೇಟ್ ಕೂಡ ಹೀಗೆಯೇ ಎರಡು ಮೂಲಗಳದ್ದು. ಧಾನ್ಯದ ತಿಂಡಿಗಳಿಗೂ ಹಣ್ಣಿನ ರಸಗಳಿಗೂ ಬೆರೆಸುವ ಡಿ3 ಜೀವಸತ್ವದ ವಿಷಯವಂತೂ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಕುರಿಯ ಉಣ್ಣೆಯಲ್ಲಿರುವ ಜಿಡ್ಡನ್ನು ಶುದ್ಧೀಕರಿಸಿ, ಅದರಿಂದ ಪಡೆದ ವಸ್ತುವಿನ ಮೇಲೆ ಅತಿನೇರಳೆ ಕಿರಣಗಳನ್ನು ಹಾಯಿಸಿ ಅದನ್ನು ತಯಾರಿಸುವುದು ರೂಢಿ. ಕಲ್ಲುಹೂವಿನಿಂದ ಪಡೆಯುವ ಡಿ3 ಕೂಡ ಮಾರುಕಟ್ಟೆಯಲ್ಲಿದೆ. ಪೊಟ್ಟಣದ ಮೇಲೆ ಎರಡಕ್ಕೂ ಒಂದೇ ಹೆಸರು. ಹಣ್ಣಿನ ರಸದ ಪೊಟ್ಟಣವನ್ನು ಕೈಗೆತ್ತಿಕೊಂಡವರು ಅದರಲ್ಲಿ ಕುರಿಯ ಉಣ್ಣೆಯ ಜಿಡ್ಡಿನ ಪಾತ್ರವಿರಬಹುದೆಂದು ಊಹಿಸುವುದಾದರೂ ಹೇಗೆ?

ಸಂದಿಗ್ಧವೇ ಇಲ್ಲದ ಘಟಕಾಂಶಗಳೂ ಇವೆ, ಅವುಗಳ ತೊಡಕು ಬೇರೆ ಬಗೆಯದು. ಇ-120 ಎಂಬ ಕೆಂಪು ಬಣ್ಣ ಕೊಚಿನೀಲ್ ಎಂಬ ಕೀಟದಿಂದಲೇ ಬರುತ್ತದೆ. ಕಳ್ಳಿಗಿಡಗಳ ಮೇಲೆ ಬದುಕುವ ಆ ಕೀಟಗಳನ್ನು ಒಣಗಿಸಿ ಬಣ್ಣ ತೆಗೆಯುತ್ತಾರೆ, ಒಂದು ಕಿಲೋ ಬಣ್ಣಕ್ಕೆ ಲಕ್ಷಕ್ಕೂ ಹೆಚ್ಚು ಕೀಟಗಳು ಬೇಕಾಗುತ್ತವೆ. ಇ-901 ಜೇನುಮೇಣ, ಇ-904 ಒಂದು ಕೀಟ ಸ್ರವಿಸುವ ಅರಗು. ಇವುಗಳ ಮೂಲ ತಿಳಿದವರಿಗೆ ತಿಳಿದಿದೆ, ತಿಳಿಯದವರಿಗೆ ಸಂಖ್ಯೆ ಏನನ್ನೂ ಹೇಳುವುದಿಲ್ಲ. ಅಮೆರಿಕದಲ್ಲಿ ಬಹುಕಾಲ ಕೊಚಿನೀಲ್ ಬಣ್ಣವನ್ನು ‘ಸೇರಿಸಿದ ಬಣ್ಣ’ ಎಂಬಂಥ ಸಾಮಾನ್ಯ ಮಾತಿನಡಿಯಲ್ಲಿ ಮರೆಸಿಡಲು ಅವಕಾಶವಿತ್ತು. ಅದನ್ನು ಹೆಸರಿಸಿಯೇ ಮುದ್ರಿಸಬೇಕೆಂಬ ನಿಯಮವನ್ನು ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2009ರಲ್ಲಿ ಹೊರಡಿಸಿತು, 2011ರಲ್ಲಿ ಅದು ಜಾರಿಗೆ ಬಂತು. ಆ ಬಣ್ಣದಿಂದ ಕೆಲವರಿಗೆ ತೀವ್ರ ಅಲರ್ಜಿಯಾಗುತ್ತದೆ ಎಂಬುದೇ ನಿಯಮಕ್ಕೆ ಮುಖ್ಯ ಕಾರಣವಾಗಿತ್ತು. ಆದರೂ ಅದರ ಫಲ ವೀಗನ್ನರಿಗೂ ದಕ್ಕಿತು: ಮರುವರ್ಷವೇ, ಅಂದರೆ 2012ರಲ್ಲಿ, ಸ್ಟಾರ್‌ಬಕ್ಸ್ ಕಂಪನಿಯ ಕೆಲವು ಪಾನೀಯಗಳಲ್ಲಿ ಈ ಬಣ್ಣವಿರುವುದು ಬೆಳಕಿಗೆ ಬಂದು, ಗ್ರಾಹಕರ ಒತ್ತಾಯಕ್ಕೆ ಮಣಿದು ಕಂಪನಿ ಟೊಮ್ಯಾಟೊದಿಂದ ಪಡೆದ ಲೈಕೊಪೀನ್ ಬಣ್ಣಕ್ಕೆ ಬದಲಾಯಿಸಿಕೊಂಡಿತು. ಮಾಹಿತಿ ಹೊರಗೆ ಬಂದರೆ ತಯಾರಿಕೆಯ ವಿಧಾನವೇ ಬದಲಾಗುತ್ತದೆ ಎಂಬುದಕ್ಕೆ ನಾನು ಎಲ್ಲರಿಗೂ ಕೊಡುವ ನಿದರ್ಶನ ಇದು.

ಇಷ್ಟೆಲ್ಲ ಹೇಳಿದ ಮೇಲೂ ಇವು ಪಟ್ಟಿಯಲ್ಲಿ ಕಾಣಿಸಿಕೊಳ್ಳುವ ವಸ್ತುಗಳು. ಪಟ್ಟಿಗೆ ಬಾರದೆಯೇ ಉಳಿಯುವವು ಇನ್ನೂ ಹೆಚ್ಚು ಕಷ್ಟ ಕೊಡುತ್ತವೆ. ತಯಾರಿಕೆಯ ಹಂತದಲ್ಲಿ ಬಳಸಿ, ಅಂತಿಮ ಪದಾರ್ಥದಲ್ಲಿ ಯಾವ ಕೆಲಸವನ್ನೂ ಮಾಡದ ವಸ್ತುಗಳನ್ನು ಸಂಸ್ಕರಣಾ ಸಹಾಯಕಗಳೆಂದು ಕರೆಯುತ್ತಾರೆ. ಯುರೋಪಿಯನ್ ಒಕ್ಕೂಟವೂ ಸೇರಿದಂತೆ ಹಲವೆಡೆಯ ನಿಯಮಗಳಲ್ಲಿ ಅವುಗಳನ್ನು ಪಟ್ಟಿಯಲ್ಲಿ ಸೇರಿಸಬೇಕಿಲ್ಲ. ಕಬ್ಬಿನ ಸಕ್ಕರೆಯ ಬಣ್ಣ ತೆಗೆಯಲು ಕೆಲವು ಸಂಸ್ಕರಣಾಗಾರಗಳು ದನಗಳ ಮೂಳೆಯನ್ನು ಸುಟ್ಟು ಮಾಡಿದ ಇದ್ದಿಲಿನ ಮೂಲಕ ಸಕ್ಕರೆಯ ದ್ರಾವಣವನ್ನು ಹಾಯಿಸುತ್ತವೆ. ಇತರ ಸಂಸ್ಕರಣಾಗಾರಗಳು ಅದೇ ಕೆಲಸಕ್ಕೆ ಸಸ್ಯ ಅಥವಾ ಕಲ್ಲಿದ್ದಲು ಮೂಲದ ಇದ್ದಿಲನ್ನೋ ಅಯಾನು ವಿನಿಮಯ ರಾಳವನ್ನೋ ಬಳಸುತ್ತವೆ. ಬೀಟ್ ಗಡ್ಡೆಯ ಸಕ್ಕರೆಗೆ ಮೂಳೆಯ ಇದ್ದಿಲು ಬೇಕಾಗುವುದಿಲ್ಲ. ಹೊರಬಂದ ಸಕ್ಕರೆಯಲ್ಲಿ ಮೂಳೆಯ ಅಂಶ ಉಳಿದಿರುವುದಿಲ್ಲವಾದ್ದರಿಂದ ಪ್ರಯೋಗಾಲಯದಲ್ಲಿ ಪರೀಕ್ಷಿಸಿದರೂ ವ್ಯತ್ಯಾಸ ಗೊತ್ತಾಗದು. ಹಾಗಾದರೆ ಅದೇನು ದೊಡ್ಡ ವಿಷಯ ಎಂದು ಕೇಳುವವರಿಗೆ ನಾನು ಹೇಳುವುದೇನೆಂದರೆ, ಇಲ್ಲಿರುವುದು ದೇಹದ ಶುದ್ಧಿಯ ಪ್ರಶ್ನೆಯೇ ಅಲ್ಲ. ಕೊಳ್ಳುವ ಹಣ ಯಾವ ವ್ಯವಹಾರಕ್ಕೆ ಸೇರುತ್ತದೆ ಎಂಬ ಪ್ರಶ್ನೆ ಅದು, ಅದಕ್ಕೆ ಅಂತಿಮ ಪದಾರ್ಥದ ಪರೀಕ್ಷೆಯಿಂದ ಉತ್ತರ ಸಿಗುವುದಿಲ್ಲ.

ಬಿಯರ್ ಮತ್ತು ದ್ರಾಕ್ಷಾರಸಗಳ (ವೈನ್) ಸ್ಥಿತಿ ಇದಕ್ಕಿಂತ ವಿಚಿತ್ರ. ಅವುಗಳನ್ನು ತಿಳಿಗೊಳಿಸಲು ಮೀನಿನ ಗಾಳಿಚೀಲದಿಂದ ಪಡೆದ ಐಸಿಂಗ್ಲಾಸ್, ಮೊಟ್ಟೆಯ ಬಿಳಿ, ಹಾಲಿನ ಕೇಸೀನ್, ಜೆಲಟಿನ್ ಮೊದಲಾದವುಗಳನ್ನು ಬಳಸುವ ಪದ್ಧತಿ ಹಳೆಯದು. ಯುರೋಪಿನ ನಿಯಮದ ಪ್ರಕಾರ ದ್ರಾಕ್ಷಾರಸದಲ್ಲಿ ಮೊಟ್ಟೆ ಅಥವಾ ಹಾಲಿನ ಅಂಶ ಪತ್ತೆಯಾಗುವಷ್ಟು ಉಳಿದಿದ್ದರೆ ಅಲರ್ಜಿಯ ದೃಷ್ಟಿಯಿಂದ ಅದನ್ನು ತಿಳಿಸಲೇಬೇಕು. ಆದರೆ ಬಿಯರ್ ಮತ್ತು ದ್ರಾಕ್ಷಾರಸವನ್ನು ತಿಳಿಗೊಳಿಸಲು ಬಳಸಿದ ಮೀನಿನ ಜೆಲಟಿನ್ ಮತ್ತು ಐಸಿಂಗ್ಲಾಸ್‌ಗೆ ಅದೇ ನಿಯಮದಲ್ಲಿ ಸ್ಪಷ್ಟವಾದ ವಿನಾಯಿತಿ ಇದೆ. ಅವುಗಳಿಂದ ಅಲರ್ಜಿಯ ಅಪಾಯವಿಲ್ಲವೆಂದು ಪರಿಗಣಿಸಿರುವುದೇ ಇದಕ್ಕೆ ಕಾರಣ. 2023ರ ಡಿಸೆಂಬರ್‌ನಿಂದ ಒಕ್ಕೂಟದಲ್ಲಿ ದ್ರಾಕ್ಷಾರಸಕ್ಕೂ ಘಟಕಾಂಶಗಳ ಪಟ್ಟಿ ಕಡ್ಡಾಯವಾಗಿದೆ, ಆದರೂ ಸಂಸ್ಕರಣಾ ಸಹಾಯಕಗಳು ಮೊದಲಿನಂತೆಯೇ ಪಟ್ಟಿಯ ಹೊರಗೆ ಉಳಿದಿವೆ. ಗಿನ್ನೆಸ್ ಕಂಪನಿ ತನ್ನ ಬಿಯರ್‌ನಿಂದ ಐಸಿಂಗ್ಲಾಸನ್ನು ಕೈಬಿಡುವುದಾಗಿ 2015ರಲ್ಲಿ ಪ್ರಕಟಿಸಿ, ನಂತರದ ವರ್ಷಗಳಲ್ಲಿ ಹೊಸ ಸೋಸುವಿಕೆಯ ವ್ಯವಸ್ಥೆಗೆ ಬದಲಾದಾಗ ಅದು ಸುದ್ದಿಯಾದದ್ದು ಇದೇ ಕಾರಣಕ್ಕೆ: ಬಾಟಲಿಯನ್ನು ನೋಡಿ ಆ ಬದಲಾವಣೆಯನ್ನು ಯಾರೂ ಕಂಡುಹಿಡಿಯಲು ಸಾಧ್ಯವಿರಲಿಲ್ಲ, ಕಂಪನಿಯೇ ಹೇಳಬೇಕಿತ್ತು.

ಹೀಗೆ ಕಂಪನಿಯೇ ಹೇಳಬೇಕಾದ ಮಾತು ಎಂದಮೇಲೆ ಯಾವ ಅಳತೆಗೋಲಿನ ಪ್ರಕಾರ ಹೇಳಬೇಕು ಎಂಬ ಪ್ರಶ್ನೆ ಏಳುತ್ತದೆ. ಬ್ರಿಟನ್ನಿನ ವೀಗನ್ ಸೊಸೈಟಿ 1944ರಲ್ಲಿ ಆರಂಭವಾಯಿತು, 1990ರಿಂದ ಅದು ತನ್ನ ನೋಂದಾಯಿತ ಗುರುತನ್ನು ತಯಾರಕರಿಗೆ ಪರವಾನಗಿಯ ಮೇಲೆ ನೀಡುತ್ತಿದೆ. ಯುರೋಪಿನಲ್ಲಿ ವ್ಯಾಪಕವಾಗಿ ಕಾಣುವ ಇನ್ನೊಂದು ಗುರುತು ವಿ-ಲೇಬಲ್. ಇವೆರಡೂ ಕಾನೂನಿನ ಸೃಷ್ಟಿಗಳಲ್ಲ, ಖಾಸಗಿ ಸಂಸ್ಥೆಗಳ ಗುರುತುಗಳು. ಕಾನೂನಿನ ಕಡೆಗೆ ನೋಡಿದರೆ, ಯುರೋಪಿಯನ್ ಒಕ್ಕೂಟ 2011ರಲ್ಲಿ ಅಂಗೀಕರಿಸಿದ ಆಹಾರ ಮಾಹಿತಿ ನಿಯಮದ 36ನೆಯ ವಿಧಿಯಲ್ಲಿ, ಸಸ್ಯಾಹಾರಿಗಳಿಗೆ ಅಥವಾ ವೀಗನ್ನರಿಗೆ ಸೂಕ್ತ ಎಂಬ ಮಾಹಿತಿಯ ಕುರಿತು ಯುರೋಪಿಯನ್ ಆಯೋಗ ವಿವರವಾದ ನಿಯಮಗಳನ್ನು ರೂಪಿಸಬೇಕೆಂದು ಬರೆದಿದೆ. ಆ ಆದೇಶ ಅಕ್ಷರಗಳಲ್ಲಿಯೇ ಉಳಿದುಕೊಂಡ ವರ್ಷಗಳಲ್ಲಿ ಜರ್ಮನಿಯ ರಾಜ್ಯಗಳ ಗ್ರಾಹಕ ರಕ್ಷಣಾ ಸಚಿವರು 2016ರಲ್ಲಿ ಒಮ್ಮತದಿಂದ ಒಂದು ವ್ಯಾಖ್ಯಾನವನ್ನು ಒಪ್ಪಿಕೊಂಡರು. ಅದರಲ್ಲಿ ಸಂಸ್ಕರಣಾ ಸಹಾಯಕಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ ಎಂಬುದು ದೊಡ್ಡ ಸಂಗತಿ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯಾದ ಐಎಸ್‌ಒ 2021ರಲ್ಲಿ 23662 ಎಂಬ ಸಂಖ್ಯೆಯ ಮಾನಕವನ್ನು ಹೊರತಂದಿತು.

ಭಾರತದ ಆಹಾರ ಸುರಕ್ಷತೆ ಮತ್ತು ಮಾನಕ ಪ್ರಾಧಿಕಾರ 2022ರಲ್ಲಿ ವೀಗನ್ ಆಹಾರಗಳಿಗೆಂದೇ ಪ್ರತ್ಯೇಕ ನಿಯಮಾವಳಿಯನ್ನು ಅಧಿಸೂಚಿಸಿತು. ಈ ನಿಯಮಾವಳಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಮೊದಲಿನಿಂದಲೂ ಅಲ್ಲಿ ಕಡ್ಡಾಯವಾಗಿದ್ದ ಸಸ್ಯಾಹಾರದ ಹಸಿರು ಚುಕ್ಕೆ ಹಾಲನ್ನೂ ಜೇನನ್ನೂ ಒಳಗೊಳ್ಳುತ್ತದೆ. ವೀಗನ್ನರಿಗೆ ಅದು ಪೂರ್ತಿ ಉತ್ತರ ಕೊಡುವುದಿಲ್ಲ. ಹೊಸ ನಿಯಮಾವಳಿಯು ಸೇರ್ಪಡೆಗಳು, ಸುವಾಸನೆಗಳು, ಕಿಣ್ವಗಳು, ಸಂಸ್ಕರಣಾ ಸಹಾಯಕಗಳು ಇವೆಲ್ಲವನ್ನೂ ಹೆಸರಿಸಿ, ತಯಾರಿಕೆಯ ಯಾವ ಹಂತದಲ್ಲಿಯೂ ಪ್ರಾಣಿಮೂಲದ ವಸ್ತು ಬಳಕೆಯಾಗಿರಬಾರದೆಂದು ಹೇಳುತ್ತದೆ. ಪ್ರಾಣಿಗಳ ಮೇಲೆ ಪರೀಕ್ಷೆ ನಡೆದಿರಬಾರದೆಂದೂ ಹೇಳುತ್ತದೆ, ನಿಯಂತ್ರಣ ಸಂಸ್ಥೆಯೇ ಅದನ್ನು ಬಯಸಿದ ಸಂದರ್ಭ ಮಾತ್ರ ಇದಕ್ಕೆ ಹೊರತು. ಗುರುತನ್ನು ಬಳಸಲು ಮೊದಲೇ ಅನುಮತಿ ಪಡೆಯಬೇಕು, ತಯಾರಕರ ಮಟ್ಟದವರೆಗೆ ಜಾಡು ಹಿಡಿಯಲು ದಾಖಲೆ ಇರಬೇಕು. ಗುರುತಿನ ಆಕಾರಕ್ಕಿಂತಲೂ ಈ ಜಾಡಿನ ಷರತ್ತೇ ಮುಖ್ಯವೆಂದು ನನಗೆ ಅನಿಸುತ್ತದೆ.

ಯಾವ ವ್ಯಾಖ್ಯಾನವೂ ಎಲ್ಲವನ್ನೂ ಒಳಗೊಳ್ಳುವುದಿಲ್ಲ. ಐಎಸ್‌ಒ ಮಾನಕ ಪೊಟ್ಟಣಕ್ಕೆ ಬಳಸಿದ ವಸ್ತುವನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಬಾಟಲಿಗೆ ಚೀಟಿ ಅಂಟಿಸಲು ಕೇಸೀನ್ ಅಂಟನ್ನು ಬಳಸಿದರೂ ಆ ಮಾನಕದ ಪ್ರಕಾರ ಒಳಗಿನ ಪದಾರ್ಥ ವೀಗನ್ ಆಗಿಯೇ ಇರುತ್ತದೆ. ಹೊಲಕ್ಕೆ ಹಾಕಿದ ಮೂಳೆಗೊಬ್ಬರದ ಪ್ರಶ್ನೆಯೂ ಹೀಗೆಯೇ ಸಾಮಾನ್ಯವಾಗಿ ಹೊರಗುಳಿಯುತ್ತದೆ. ಇದನ್ನು ನಾನು ದೋಷವೆಂದು ಎಣಿಸುವುದಿಲ್ಲ. ವೀಗನ್ ಸೊಸೈಟಿಯ ವ್ಯಾಖ್ಯಾನದಲ್ಲಿಯೇ ‘ಸಾಧ್ಯವಾದಷ್ಟು, ಆಚರಣೆಗೆ ತರಬಹುದಾದಷ್ಟು’ ಎಂಬ ಅರ್ಥದ ಮಾತಿದೆ, ಗೆರೆಯನ್ನು ಎಲ್ಲೋ ಒಂದು ಕಡೆ ಎಳೆಯಲೇಬೇಕು. ಗೆರೆ ಎಲ್ಲಿದೆ ಎಂಬುದು ಓದುಗರಿಗೆ ಗೊತ್ತಿರಬೇಕು ಎಂಬುದಷ್ಟೇ ನನ್ನ ಒತ್ತಾಯ. ಹೆಸರಿಲ್ಲದ ಸಂಸ್ಥೆಯ, ನಿಯಮವೇ ಇಲ್ಲದ, ಚಿತ್ರಕಾರರು ಬಿಡಿಸಿದ ಒಂದು ಎಲೆ ಮತ್ತು ‘ವಿ’ ಅಕ್ಷರ ಆ ಗೆರೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ವಿ-ಲೇಬಲ್‌ನಂಥ ಒಳ್ಳೆಯ ವ್ಯವಸ್ಥೆಯಲ್ಲಿಯೂ ಸಸ್ಯಾಹಾರಿ ವರ್ಗ ಮತ್ತು ವೀಗನ್ ವರ್ಗ ಎರಡಕ್ಕೂ ಒಂದೇ ಚಿತ್ರವಿದ್ದು, ಕೆಳಗಿನ ಪದವೊಂದೇ ಬೇರೆಯಾಗಿರುವುದನ್ನು ನಾನು ಮೆಚ್ಚಲಾರೆ. ಚಿತ್ರವನ್ನು ನೋಡಿ ಕೈಗೆತ್ತಿಕೊಳ್ಳುವ ಅವಸರದಲ್ಲಿ ಸಣ್ಣ ಅಕ್ಷರದ ಪದ ಕಣ್ಣಿಗೆ ಬೀಳುವುದಿಲ್ಲ.

ಈ ಎಲ್ಲದರ ನಡುವೆ ಅತ್ಯಂತ ಗಂಭೀರವಾದ ಗೊಂದಲವೊಂದಿದೆ, ಅದರ ಬಗ್ಗೆ ವೀಗನ್ನರಾದ ನಾವೇ ಹೆಚ್ಚು ಮಾತನಾಡಬೇಕು. ವೀಗನ್ ಎಂಬ ಗುರುತು ಹಾಲು, ಮೊಟ್ಟೆ, ಮೀನುಗಳ ಅಲರ್ಜಿ ಇರುವವರಿಗೆ ಕೊಟ್ಟ ಭರವಸೆಯಲ್ಲ. ತಯಾರಕರು ಉದ್ದೇಶಪೂರ್ವಕವಾಗಿ ಪ್ರಾಣಿಮೂಲದ್ದನ್ನು ಬಳಸಿಲ್ಲ ಎಂದು ಅದು ಹೇಳುತ್ತದೆ. ಅದೇ ಕಾರ್ಖಾನೆಯಲ್ಲಿ, ಅದೇ ಯಂತ್ರದಲ್ಲಿ ಹಾಲಿನ ಪದಾರ್ಥವೂ ತಯಾರಾಗಿ, ಎಚ್ಚರ ವಹಿಸಿದ ಮೇಲೂ ಅದರ ಅಲ್ಪ ಅಂಶ ಸೇರಿದ್ದರೆ, ಜರ್ಮನಿಯ ವ್ಯಾಖ್ಯಾನದ ಪ್ರಕಾರ ಪದಾರ್ಥ ವೀಗನ್ ಎಂಬ ಹೆಸರನ್ನು ಕಳೆದುಕೊಳ್ಳುವುದಿಲ್ಲ. ತತ್ತ್ವದ ದೃಷ್ಟಿಯಿಂದ ಇದು ಸರಿ. ಆ ಅಲ್ಪ ಅಂಶಕ್ಕಾಗಿ ಯಾವ ಹಸುವನ್ನೂ ಸಾಕಿಲ್ಲ. ಆದರೆ ತೀವ್ರ ಅಲರ್ಜಿ ಇರುವ ದೇಹಕ್ಕೆ ತತ್ತ್ವ ತಿಳಿಯುವುದಿಲ್ಲ. ಬ್ರಿಟನ್ನಿನಲ್ಲಿ 2017ರ ಡಿಸೆಂಬರ್‌ನಲ್ಲಿ ಹಾಲಿನ ತೀವ್ರ ಅಲರ್ಜಿ ಇದ್ದ ಮಹಿಳೆಯೊಬ್ಬರು, ಹಾಲಿಲ್ಲದ್ದೆಂದು ನಂಬಲಾಗಿದ್ದ ತೆಂಗಿನ ಯೋಗರ್ಟ್ ಸೇರಿದ ತಿಂಡಿಯನ್ನು ತಿಂದು ಸಾವನ್ನಪ್ಪಿದರು. ಆ ಯೋಗರ್ಟಿಗೆ ಬಳಸಿದ್ದ ಪಿಷ್ಟದಲ್ಲಿ ಹಾಲಿನ ಪ್ರೋಟೀನು ಬೆರೆತಿತ್ತೆಂದು 2022ರಲ್ಲಿ ನಡೆದ ಮರಣ ವಿಚಾರಣೆಯಲ್ಲಿ ತಿಳಿದುಬಂತು. ತಿಂಡಿ ಮಾರಿದವರಿಂದ ಯೋಗರ್ಟ್ ತಯಾರಿಸಿದವರಿಗೆ, ಅವರಿಂದ ಪಿಷ್ಟ ತಯಾರಿಸಿದವರಿಗೆ ಎಷ್ಟು ಕೊಂಡಿಗಳಿದ್ದವು ಎಂಬುದನ್ನು ಗಮನಿಸಿ. ಪೂರೈಕೆದಾರರನ್ನು ಕೇಳುವುದು ಎಂದು ನಾನು ಮೇಲೆ ಬರೆದದ್ದು ಕಾಗದದ ಕೆಲಸದಂತೆ ಕಾಣಬಹುದು, ಆದರೆ ಆ ಕಾಗದದ ಇನ್ನೊಂದು ತುದಿಯಲ್ಲಿ ಒಬ್ಬರ ಜೀವ ಇರುತ್ತದೆ.

ಆದ್ದರಿಂದ ಒಂದೇ ಪೊಟ್ಟಣದ ಮೇಲೆ ‘ವೀಗನ್’ ಎಂಬ ಗುರುತೂ ‘ಹಾಲಿನ ಅಂಶ ಇರಬಹುದು’ ಎಂಬ ಎಚ್ಚರಿಕೆಯೂ ಇದ್ದರೆ ಅದರಲ್ಲಿ ವಿರೋಧವೇನೂ ಇಲ್ಲ. ಅದನ್ನು ಕಂಡು ತಯಾರಕರನ್ನು ವಂಚಕರೆಂದು ಹಳಿಯುವವರನ್ನು ನೋಡಿದಾಗ ನನಗೆ ಬೇಸರವಾಗುತ್ತದೆ, ಏಕೆಂದರೆ ಹಾಗೆ ಹಳಿದರೆ ಮುಂದಿನ ಬಾರಿ ತಯಾರಕರು ತೆಗೆದುಹಾಕುವುದು ಎಚ್ಚರಿಕೆಯನ್ನೇ. ಎರಡೂ ಮಾತುಗಳನ್ನು ಒಟ್ಟಿಗೆ, ಅಕ್ಕಪಕ್ಕದಲ್ಲಿ, ಒಂದೇ ಅಳತೆಯ ಅಕ್ಷರಗಳಲ್ಲಿ ಮುದ್ರಿಸುವವರೇ ನನ್ನ ದೃಷ್ಟಿಯಲ್ಲಿ ಪ್ರಾಮಾಣಿಕರು. ಅಂಗಡಿ ಮತ್ತು ಉಪಾಹಾರಗೃಹಗಳಲ್ಲಿ ಕೆಲಸ ಮಾಡುವವರಿಗೂ ಈ ವ್ಯತ್ಯಾಸವನ್ನು ಹೇಳಿಕೊಡಬೇಕು. ‘ಹಾಲಿನ ಅಲರ್ಜಿ ಇದೆ’ ಎಂದು ಹೇಳಿದ ಗ್ರಾಹಕರಿಗೆ ‘ಹಾಗಾದರೆ ವೀಗನ್ ತಗೊಳ್ಳಿ’ ಎಂದು ಸಲಹೆ ಕೊಡುವುದು ಅಪಾಯಕಾರಿ.

ಸಸ್ಯಾಧಾರಿತ ಎಂಬ ಹೇಳಿಕೆ ಈಗ ವೀಗನ್ ಎಂಬುದರ ಜಾಗದಲ್ಲಿ ಹೆಚ್ಚು ಹೆಚ್ಚು ಬಳಕೆಯಾಗುತ್ತಿದೆ. ಎರಡನ್ನೂ ಒಂದೇ ಎಂದು ತಿಳಿದು ಕೊಳ್ಳುವವರು ಎರಡು ಕಡೆಯಿಂದಲೂ ಮೋಸಹೋಗಬಹುದು. ಮುಖ್ಯ ಪದಾರ್ಥ ಸಸ್ಯದ್ದಾಗಿದ್ದು, ಅದನ್ನು ಹಿಡಿದಿಡಲು ಮೊಟ್ಟೆಯ ಬಿಳಿಯನ್ನೋ ಹಾಲಿನ ಪ್ರೋಟೀನನ್ನೋ ಸೇರಿಸಿರಬಹುದು. ಇನ್ನೊಂದು ಕಡೆ, ಬ್ರಿಟನ್ನಿನಲ್ಲಿ 1985ರಿಂದ ಮಾಂಸಕ್ಕೆ ಬದಲಿಯಾಗಿ ಮಾರಾಟದಲ್ಲಿರುವ ಕ್ವಾರ್ನ್ ಪದಾರ್ಥಗಳ ಮೂಲವಸ್ತು ಒಂದು ಶಿಲೀಂಧ್ರ, ಅದು ಸಸ್ಯವೇ ಅಲ್ಲ. ಮೊದಲು ಅದನ್ನು ಮೊಟ್ಟೆಯ ಬಿಳಿಯಿಂದ ಕೂಡಿಸುತ್ತಿದ್ದರು, ಮುಂದೆ ಆಲೂಗಡ್ಡೆಯ ಪ್ರೋಟೀನು ಬಳಸಿದ ವೀಗನ್ ಬಗೆಗಳೂ ಬಂದವು. ಸೂಕ್ಷ್ಮಜೀವಿಗಳಿಂದಲೇ ಹಾಲಿನ ಪ್ರೋಟೀನನ್ನು ತಯಾರಿಸುವ ಹೊಸ ವಿಧಾನ ಪ್ರಶ್ನೆಯನ್ನು ಇನ್ನಷ್ಟು ಕಠಿಣಗೊಳಿಸಿದೆ. ಚೀಸ್ ತಯಾರಿಕೆಗೆ ಬೇಕಾದ ಕೈಮೋಸಿನ್ ಎಂಬ ಕಿಣ್ವ, ಮೊದಲು ಕರುವಿನ ಹೊಟ್ಟೆಯಿಂದ ಪಡೆಯುತ್ತಿದ್ದದ್ದು, ಸೂಕ್ಷ್ಮಜೀವಿಗಳಿಂದ ತಯಾರಾಗಿ 1990ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆಯಿತು. ಈಗ ಅದೇ ಜಾಡಿನಲ್ಲಿ ಹಾಲೊಡಕಿನ ಪ್ರೋಟೀನು ಬಂದಿದೆ. ಅದಕ್ಕಾಗಿ ಹಸುವಿನ ಹಾಲು ಕರೆಯುವುದಿಲ್ಲ, ಆದರೆ ಅದು ನಿಜವಾದ ಹಾಲಿನ ಪ್ರೋಟೀನೇ ಆದ್ದರಿಂದ ಅಲರ್ಜಿ ಇರುವವರಿಗೆ ಹಾಲಿನಷ್ಟೇ ಅಪಾಯ. ಅದನ್ನು ತಿನ್ನಬೇಕೇ ಬೇಡವೇ ಎಂಬುದು ವೀಗನ್ನರು ತಮ್ಮೊಳಗೆ ಚರ್ಚಿಸಿಕೊಳ್ಳುವ ವಿಷಯ. ಆದರೆ ಬರಿಯ ‘ವೀಗನ್’ ಎಂಬ ಗುರುತಿನ ಕೆಳಗೆ ಅದನ್ನು ಮಾರುವುದನ್ನು ನಾನು ಒಪ್ಪುವುದಿಲ್ಲ. ‘ಪ್ರಾಣಿಯಿಂದ ಪಡೆದಿಲ್ಲ, ಹಾಲಿನ ಪ್ರೋಟೀನು ಇದೆ’ ಎಂದು ಎರಡನ್ನೂ ಒಂದೇ ಸಾಲಿನಲ್ಲಿ ಹೇಳಬೇಕು.

ಸೌಂದರ್ಯವರ್ಧಕಗಳಲ್ಲಿ ಗೊಂದಲದ ರೂಪ ಬದಲಾಗುತ್ತದೆ. ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ ಎಂಬ ಮೊಲದ ಗುರುತು ಒಂದು ಸಂಗತಿ, ಪ್ರಾಣಿಮೂಲದ ಘಟಕಾಂಶ ಇಲ್ಲ ಎಂಬುದು ಬೇರೊಂದು ಸಂಗತಿ. ಯಾವ ಪ್ರಾಣಿಯ ಮೇಲೂ ಪರೀಕ್ಷಿಸದ ತುಟಿಬಣ್ಣದಲ್ಲಿ ಕೊಚಿನೀಲ್ ಇರಬಹುದು, ಜೇನುಮೇಣ ಇರಬಹುದು, ಹೊಳಪಿಗಾಗಿ ಮೀನಿನ ಹುರುಪೆಯಿಂದ ಪಡೆದ ಗ್ವಾನೀನ್ ಇರಬಹುದು. ಯುರೋಪಿಯನ್ ಒಕ್ಕೂಟ ಸಿದ್ಧ ಸೌಂದರ್ಯವರ್ಧಕಗಳ ಪ್ರಾಣಿ ಪರೀಕ್ಷೆಯನ್ನು 2004ರಲ್ಲಿ, ಘಟಕಾಂಶಗಳ ಪರೀಕ್ಷೆಯನ್ನು 2009ರಲ್ಲಿ ನಿಷೇಧಿಸಿ, 2013ರಲ್ಲಿ ಮಾರಾಟದ ಮೇಲಿನ ನಿಷೇಧವನ್ನು ಪೂರ್ಣಗೊಳಿಸಿತು. ಆದರೆ ಗ್ಲಿಸರಿನ್ ಅಥವಾ ಸ್ಕ್ವಾಲೇನ್ ಯಾವ ಮೂಲದಿಂದ ಬಂತು ಎಂಬುದನ್ನು ಅಲ್ಲಿಯೂ ಪಟ್ಟಿ ಹೇಳುವುದಿಲ್ಲ. ಸ್ಕ್ವಾಲೇನ್ ಶಾರ್ಕ್ ಮೀನಿನ ಯಕೃತ್ತಿನಿಂದಲೂ ಬರುತ್ತದೆ, ಆಲಿವ್‌ನಿಂದಲೂ ಬರುತ್ತದೆ. ಇಲ್ಲಿ ಒಂದು ಗುರುತನ್ನು ನೋಡಿ ಇನ್ನೊಂದರ ಅರ್ಥವನ್ನು ಊಹಿಸಿಕೊಳ್ಳದಿರುವುದೇ ಕ್ಷೇಮ.

ಎಲ್ಲ ಪದಾರ್ಥಗಳಿಗೂ ಈ ಗುರುತು ಬೇಕೇ? ಉಪ್ಪಿನ ಪೊಟ್ಟಣಕ್ಕೂ ನೀರಿನ ಬಾಟಲಿಗೂ ವೀಗನ್ ಎಂದು ಮುದ್ರಿಸುವುದು ನನಗೆ ಸರಿಕಾಣುವುದಿಲ್ಲ. ಅದೇ ಬಗೆಯ ಎಲ್ಲ ಪದಾರ್ಥಗಳಲ್ಲಿಯೂ ಇರುವ ಗುಣವನ್ನು ತನ್ನದೇ ವಿಶೇಷವೆಂಬಂತೆ ಬಿಂಬಿಸಬಾರದೆಂದು ಯುರೋಪಿನ 2011ರ ನಿಯಮ ಹೇಳುತ್ತದೆ, ಆ ತರ್ಕ ಸರಿಯಾದದ್ದು. ಆದರೆ ಸಕ್ಕರೆ ಮತ್ತು ದ್ರಾಕ್ಷಾರಸಗಳನ್ನು ಈ ಗುಂಪಿಗೆ ಸೇರಿಸಲು ಬರುವುದಿಲ್ಲ. ಮೇಣ ಸವರಿದ ಹಣ್ಣುಗಳನ್ನೂ ಸೇರಿಸಲು ಬರುವುದಿಲ್ಲ. ಹೊಳೆಯುವ ಸೇಬಿನ ಮೇಲಿರುವುದು ಅರಗೋ ಜೇನುಮೇಣವೋ ಗಿಡದ ಮೇಣವೋ ಎಂಬುದು ನೋಟದಿಂದ ತಿಳಿಯದು. ಸಸ್ಯದಿಂದಲೇ ಬಂದಂತೆ ಕಾಣುವ, ಆದರೆ ದಾರಿಯಲ್ಲಿ ಪ್ರಾಣಿಮೂಲದ ವಸ್ತುವಿನ ಸಂಪರ್ಕಕ್ಕೆ ಬರುವ ಪದಾರ್ಥಗಳಿಗೇ ಗುರುತು ಹೆಚ್ಚು ಅಗತ್ಯ.

ಪೊಟ್ಟಣದ ಯಾವ ಜಾಗದಲ್ಲಿ ಗುರುತು ಇರಬೇಕು ಎಂಬುದರ ಬಗ್ಗೆ ವೀಗನ್ನರಲ್ಲಿಯೇ ಭಿನ್ನಾಭಿಪ್ರಾಯವಿದೆ. ಮುಂಬದಿಯಲ್ಲಿ ದೊಡ್ಡದಾಗಿ ಇರಬೇಕೆಂದು ಬಯಸುವವರು ಹಲವರು. ಅಮೆರಿಕದ ಗ್ರಾಹಕರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಊಟದ ಆಯ್ಕೆಗಳ ಪಟ್ಟಿಯಲ್ಲಿ ವೀಗನ್ ಅಥವಾ ಸಸ್ಯಾಹಾರಿ ಎಂಬ ಗುರುತು ಇದ್ದಾಗ ಅದೇ ತಿನಿಸನ್ನು ಆರಿಸಿಕೊಂಡವರು ಕಡಿಮೆಯಾಗಿದ್ದರು. ಇದನ್ನು ನಾನು ಲಘುವಾಗಿ ಕಾಣುವುದಿಲ್ಲ. ವೀಗನ್ ಅಲ್ಲದವರು ಪ್ರಾಣಿಮೂಲವಿಲ್ಲದ ತಿನಿಸನ್ನು ಸಹಜವಾಗಿ ಆರಿಸಿಕೊಳ್ಳುವುದಕ್ಕೆ ನಮ್ಮ ಗುರುತೇ ಅಡ್ಡಿಯಾಗುವುದಾದರೆ ಅದರಿಂದ ಪ್ರಾಣಿಗಳಿಗೆ ಲಾಭವಿಲ್ಲ. ಗುರುತನ್ನು ಹುಡುಕುವವರಿಗೆ ಎಲ್ಲಿ ಹುಡುಕಬೇಕೆಂಬುದು ಗೊತ್ತಿದ್ದರೆ ಸಾಕು. ಆದ್ದರಿಂದ ಅದು ಘಟಕಾಂಶಗಳ ಪಟ್ಟಿಯ ಪಕ್ಕದಲ್ಲಿ, ಎಲ್ಲ ಪದಾರ್ಥಗಳಲ್ಲಿಯೂ ಒಂದೇ ಜಾಗದಲ್ಲಿ, ಸ್ಪಷ್ಟವಾಗಿ ಓದುವಷ್ಟು ದೊಡ್ಡದಾಗಿ ಇರಲಿ ಎಂಬ ಪಕ್ಷಕ್ಕೆ ನಾನು ಸೇರಿದವನು. ಮುಂಬದಿಯ ಅಲಂಕಾರಕ್ಕೆ ಅದು ಬೇಕಾಗಿಲ್ಲ. ಆರೋಗ್ಯದ ಸೂಚನೆಯಾಗಿ ಅದನ್ನು ಬಳಸುವುದಂತೂ ಬೇಡವೇ ಬೇಡ. ಸಕ್ಕರೆ ಮತ್ತು ಕರಿದ ಎಣ್ಣೆಯಿಂದ ತುಂಬಿದ ತಿಂಡಿಯೂ ಪೂರ್ತಿ ವೀಗನ್ ಆಗಿರಬಹುದು.

ಸಣ್ಣ ತಯಾರಕರ ಕಷ್ಟ ನನಗೆ ಅರ್ಥವಾಗುತ್ತದೆ. ಪ್ರಮಾಣೀಕರಣಕ್ಕೆ ಶುಲ್ಕವಿದೆ, ಪ್ರತಿ ಪದಾರ್ಥದ ವಿವರ ಸಲ್ಲಿಸಬೇಕು, ಪೂರೈಕೆದಾರರು ಬದಲಾದಾಗಲೆಲ್ಲ ಮತ್ತೆ ತಿಳಿಸಬೇಕು, ನಿಗದಿತ ಅವಧಿಗೊಮ್ಮೆ ಪರವಾನಗಿಯನ್ನು ನವೀಕರಿಸಬೇಕು. ಇಷ್ಟನ್ನು ಭರಿಸಲಾಗದವರು ತಮ್ಮದೇ ಹೇಳಿಕೆಯನ್ನು ಮುದ್ರಿಸುವುದನ್ನು ನಾನು ತಪ್ಪೆನ್ನುವುದಿಲ್ಲ. ಆ ಹೇಳಿಕೆಯಲ್ಲಿ ಅವರು ಯಾವ ವ್ಯಾಖ್ಯಾನವನ್ನು ಅನುಸರಿಸಿದ್ದಾರೆ, ಸಂಸ್ಕರಣಾ ಸಹಾಯಕಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆಯೇ ಎಂಬುದು ಇರಲಿ. ಅದೂ ಆಗದಿದ್ದರೆ ಇನ್ನೂ ಸರಳವಾದ ದಾರಿಯೊಂದಿದೆ: ಸಂದಿಗ್ಧವಾದ ಘಟಕಾಂಶದ ಪಕ್ಕದಲ್ಲಿಯೇ ಮೂಲವನ್ನು ಬರೆಯುವುದು. ‘ಇ-471, ಸಸ್ಯಮೂಲ’, ‘ಡಿ3 ಜೀವಸತ್ವ, ಕಲ್ಲುಹೂವಿನಿಂದ’, ‘ಲೆಸಿಥಿನ್, ಸೂರ್ಯಕಾಂತಿ’ ಎಂದು ಬರೆಯಲು ಯಾರ ಪರವಾನಗಿಯೂ ಬೇಕಿಲ್ಲ, ಹೆಚ್ಚು ಜಾಗವೂ ಹಿಡಿಯುವುದಿಲ್ಲ. ಕಾನೂನು ಒಂದನ್ನೇ ಕಡ್ಡಾಯ ಮಾಡುವುದಾದರೆ ಗುರುತಿಗಿಂತ ಮೊದಲು ಇದನ್ನೇ ಕಡ್ಡಾಯ ಮಾಡಲಿ ಎಂದು ನಾನು ಕೇಳಿಕೊಳ್ಳುತ್ತೇನೆ. ವೀಗನ್ನರಿಗಷ್ಟೇ ಅಲ್ಲದೆ ಧಾರ್ಮಿಕ ಕಾರಣಕ್ಕೆ ಹಂದಿಯ ಅಥವಾ ದನದ ಕೊಬ್ಬನ್ನು ಬಿಟ್ಟವರಿಗೂ, ಅಲರ್ಜಿ ಇರುವವರಿಗೂ ಅದು ಒಂದೇ ಏಟಿಗೆ ಉಪಯೋಗಕ್ಕೆ ಬರುತ್ತದೆ.

ಅಲ್ಲಿಯವರೆಗೆ ತಯಾರಕರಿಗೆ ಬರೆದು ಕೇಳುವುದೊಂದೇ ಉಪಾಯ, ಕೇಳುವಾಗ ಪ್ರಶ್ನೆಯನ್ನು ಬಿಡಿಸಿ ಕೇಳಬೇಕು. ‘ನಿಮ್ಮ ಪದಾರ್ಥ ವೀಗನ್ ಆಗಿದೆಯೇ’ ಎಂದು ಕೇಳಿದರೆ ‘ನಮ್ಮ ಪದಾರ್ಥದಲ್ಲಿ ಮಾಂಸವಿಲ್ಲ’ ಎಂಬ ಉತ್ತರ ಬಂದಿದ್ದುಂಟು. ಈಗ ನಾನು ಬರೆಯುವ ಪತ್ರಗಳಲ್ಲಿ ಪಟ್ಟಿಯಲ್ಲಿರುವ ಸಂದಿಗ್ಧ ಘಟಕಾಂಶವನ್ನು ಹೆಸರಿಸಿ ಅದರ ಮೂಲವನ್ನು ಕೇಳುತ್ತೇನೆ. ಬಣ್ಣ ತೆಗೆಯಲು, ತಿಳಿಗೊಳಿಸಲು, ಹೊಳಪು ಕೊಡಲು ಏನನ್ನು ಬಳಸುತ್ತೀರಿ ಎಂದು ಪ್ರತ್ಯೇಕವಾಗಿ ಕೇಳುತ್ತೇನೆ. ಈ ಮಾಹಿತಿ ಪೂರೈಕೆದಾರರಿಂದ ಬರಹದಲ್ಲಿ ಬಂದಿದೆಯೇ ಎಂದೂ ಕೇಳುತ್ತೇನೆ. ಕೊನೆಯ ಪ್ರಶ್ನೆಗೆ ‘ಹೌದು’ ಎಂದು ಉತ್ತರಿಸಿದ ತಯಾರಕರಿಗೆ, ಹಾಗಿದ್ದರೆ ಅದನ್ನು ಪೊಟ್ಟಣದ ಮೇಲೆಯೇ ಮುದ್ರಿಸಿ ಎಂದು ಮತ್ತೊಂದು ಪತ್ರ ಬರೆಯುತ್ತೇನೆ.